ಆರ್‌ಡಬ್ಲ್ಯೂ ಡಿಸ್ಕಿನಲ್ಲಿ ಒಂದೇ ಒಂದು ಫೈಲ್ ಅಳಿಸಬೇಕಾದರೆ

ಸಾಗರದ ನಮ್ಮ ಡಿ.ಟಿ.ಪಿ. ಅಂಗಡಿಯಲ್ಲಿ ಒಂದು ಡಿ.ವಿ.ಡಿ. ರೈಟರ್ ಇನ್ನೂ ಕೆಲಸ ಮಾಡುತ್ತಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಹಾಗಾಗಿ ಹಳೆಯ ಸಿ.ಡಿ. ಕೈಗೆ ಸಿಕ್ಕವರು ನಮ್ಮಲ್ಲಿಗೆ ಬರುತ್ತಾರೆ. ಮದುವೆಯ ಫೋಟೋ, ಸೊಸೈಟಿಯ ಲೆಕ್ಕ, ತಾಳಮದ್ದಳೆಯ ರೆಕಾರ್ಡಿಂಗು, ಅಚ್ಚಾಗದೇ ಉಳಿದ ಪುಸ್ತಕದ ಕರಡು, ಏನೇನೋ ಬರುತ್ತದೆ. ಹೆಚ್ಚಿನವರಿಗೆ ಬೇಕಾದ್ದು ಇಷ್ಟೇ: ಪೆನ್‌ಡ್ರೈವಿಗೆ ಹಾಕಿಕೊಡಿ. ಅದರಲ್ಲಿ ಕಷ್ಟವಿಲ್ಲ. ಆದರೆ ನಡುನಡುವೆ ಒಬ್ಬರು ಬಂದು, ‘ಇದ್ರಲ್ಲಿ ಒಂದೇ ಒಂದು ಫೈಲ್ ತೆಗ್ದುಕೊಡಿ, ಉಳಿದಿದ್ದು ಹಾಗೇ ಇರ್ಲಿ’ ಅನ್ನುತ್ತಾರೆ. ಡಿಸ್ಕನ್ನು ನೋಡದೆ ಈ ಮಾತಿಗೆ ನಾನು ಹೂಂ ಅನ್ನುವುದಿಲ್ಲ.

ನೋಡುವುದು ಅಂದರೆ ಮೊದಲು ತಿರುಗಿಸಿ ಅಡಿಭಾಗ ನೋಡುವುದು. ಹಾಡು, ಸಿನಿಮಾದ ಡಿಸ್ಕುಗಳು ಕಾರ್ಖಾನೆಯಲ್ಲೇ ಅಚ್ಚೊತ್ತಿ ಬಂದವು. ಬೆಳ್ಳಗೆ ಹೊಳೆಯುತ್ತವೆ, ಅವುಗಳಲ್ಲಿ ಅಳಿಸುವ ಮಾತೇ ಇಲ್ಲ. ಹಸಿರು ಅಥವಾ ನೀಲಿ ಛಾಯೆ ಇದ್ದರೆ ಅದು ಸಾಮಾನ್ಯವಾಗಿ ಸಿ.ಡಿ.-ಆರ್. ಅದರೊಳಗೆ ಒಂದು ಬಣ್ಣದ ಪದರ ಇರುತ್ತದೆ. ಲೇಸರ್ ಅದನ್ನು ಒಂದು ಸಲ ಸುಟ್ಟು ಗುರುತು ಮಾಡಿದರೆ ಮುಗಿಯಿತು, ಆ ಜಾಗ ಮತ್ತೆ ಮೊದಲಿನಂತಾಗದು. ಮಂಕು ಬೂದು ಬಣ್ಣದ್ದು ಸಿ.ಡಿ.-ಆರ್‌ಡಬ್ಲ್ಯೂ. 1997ರಲ್ಲಿ ಮಾರುಕಟ್ಟೆಗೆ ಬಂದ ಈ ಜಾತಿಯಲ್ಲಿ ಬರೆದದ್ದನ್ನು ಅಳಿಸಬಹುದು, ಮತ್ತೆ ಬರೆಯಬಹುದು. ಡಿ.ವಿ.ಡಿ.ಯಲ್ಲಿಯೂ ಹೀಗೇ ಡಿ.ವಿ.ಡಿ.-ಆರ್‌ಡಬ್ಲ್ಯೂ, ಡಿ.ವಿ.ಡಿ.+ಆರ್‌ಡಬ್ಲ್ಯೂ, ಡಿ.ವಿ.ಡಿ.-ರ‍್ಯಾಮ್ ಎಂದು ಬಂದವು. ಬ್ಲೂ-ರೇ ಕಾಲಕ್ಕೆ ಬಿ.ಡಿ.-ಆರ್‌ಇ.

ಈ ಬೂದು ಪದರ ಒಂದು ಲೋಹಮಿಶ್ರಣ: ಬೆಳ್ಳಿ, ಇಂಡಿಯಮ್, ಆಂಟಿಮನಿ, ಟೆಲ್ಲುರಿಯಮ್. ಅದರ ಗುಣ ತಿಳಿಯಲು ಅಡುಗೆಮನೆಯ ಪಾಕವನ್ನು ನೆನೆಸಿಕೊಂಡರೆ ಸಾಕು. ಕುದಿಯುವ ಸಕ್ಕರೆ ಪಾಕವನ್ನು ಹದ ನೋಡಲು ತಣ್ಣೀರಿಗೆ ಬಿಟ್ಟರೆ ಗಾಜಿನ ಉಂಡೆಯ ಹಾಗೆ ಗಟ್ಟಿಯಾಗುತ್ತದೆ. ಅದನ್ನೇ ನಿಧಾನಕ್ಕೆ ಆರಲು ಬಿಟ್ಟರೆ ಹರಳುಗಟ್ಟುತ್ತದೆ. ಪದಾರ್ಥ ಒಂದೇ, ಆರಿದ ಬಗೆ ಬೇರೆ. ಡಿಸ್ಕಿನಲ್ಲಿ ಲೇಸರ್ ಜೋರಾಗಿ ಬಿದ್ದ ಚುಕ್ಕೆ 500ರಿಂದ 700 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಕರಗಿ, ಕ್ಷಣದೊಳಗೆ ತಣಿದು, ಹರಳಿಲ್ಲದ ಮಂಕು ಚುಕ್ಕೆಯಾಗುತ್ತದೆ. ಇದು ಬರೆಯುವ ಕ್ರಿಯೆ. ಲೇಸರಿನ ಶಕ್ತಿಯನ್ನು ಇಳಿಸಿ ಸುಮಾರು 200 ಡಿಗ್ರಿಗೆ ಮಾತ್ರ ಬಿಸಿ ಮಾಡಿದರೆ ಅದೇ ಚುಕ್ಕೆ ಮತ್ತೆ ಹರಳುಗಟ್ಟಿ ಹೊಳೆಯುತ್ತದೆ. ಇದು ಅಳಿಸುವ ಕ್ರಿಯೆ. ಇನ್ನೂ ದುರ್ಬಲ ಬೆಳಕು ಹಾಯಿಸಿ ಎಲ್ಲಿ ಮಂಕು, ಎಲ್ಲಿ ಹೊಳಪು ಎಂದು ನೋಡುವುದು ಓದುವ ಕ್ರಿಯೆ. ಹೊಸದನ್ನು ಬರೆಯುವ ಮೊದಲು ಹಳೆಯದನ್ನು ಪ್ರತ್ಯೇಕ ಅಳಿಸಬೇಕೆಂದೂ ಇಲ್ಲ. ಲೇಸರ್ ಹೆಚ್ಚು ಕಡಿಮೆ ಆಗುತ್ತಾ ಹೋದಂತೆ ಹಳೆಯ ಗುರುತಿನ ಮೇಲೆಯೇ ಹೊಸ ಗುರುತು ಕೂರುತ್ತದೆ.

ಇಂಥ ವಸ್ತುಗಳಲ್ಲಿ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಮರಳಿ ಮರಳಿ ಹೋಗುವ ಗುಣವನ್ನು 1968ರಲ್ಲಿ ಪ್ರಬಂಧ ಬರೆದು ಜಗತ್ತಿಗೆ ತಿಳಿಸಿದವರು ಅಮೆರಿಕದ ಸ್ಟ್ಯಾನ್‌ಫೋರ್ಡ್ ಓವ್‌ಶಿನ್‌ಸ್ಕಿ. ಒಹಾಯೊದ ಆಕ್ರನ್ ಊರಿನವರು, ಯಂತ್ರದ ಕೆಲಸ ಕಲಿತವರು, ಕಾಲೇಜು ಮೆಟ್ಟಿಲು ಹತ್ತದೆ ತಾವೇ ಓದಿ ವಿಜ್ಞಾನಿಯಾದವರು. ನನಗೆ ಈ ಡಿಸ್ಕುಗಳ ಮೇಲೆ ಇಷ್ಟು ಪ್ರೀತಿ ಉಳಿದಿರುವುದಕ್ಕೆ ಅವರ ಕಥೆಯೂ ಒಂದು ಕಾರಣ.

ಆರ್‌ಡಬ್ಲ್ಯೂವಿನ ಹೊಳಪು ಕಡಿಮೆ. ಮಾಮೂಲಿ ಸಿ.ಡಿ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 70ರಷ್ಟನ್ನು ಹಿಂದಕ್ಕೆ ಕೊಟ್ಟರೆ ಇದು ಶೇ. 15ರಿಂದ 25ರಷ್ಟು ಮಾತ್ರ ಕೊಡುತ್ತದೆ. ಹಳೆಯ ಟೇಪ್‌ರೆಕಾರ್ಡರ್-ಸಿ.ಡಿ. ಪ್ಲೇಯರುಗಳು ಆರ್‌ಡಬ್ಲ್ಯೂ ಹಾಕಿದರೆ ‘ಡಿಸ್ಕ್ ಇಲ್ಲ’ ಎಂದು ತೋರಿಸುತ್ತಿದ್ದದ್ದು ಇದಕ್ಕೇ. ಡಿಸ್ಕ್ ಹಾಳಾಗಿದೆ ಎಂದು ಎಸೆದವರು ಎಷ್ಟೋ ಜನ.

ಇನ್ನು ಒಂದೇ ಫೈಲ್ ತೆಗೆದುಕೊಡಿ ಎಂದು ಬಂದ ಒಬ್ಬ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ನಿವೃತ್ತ ಹೈಸ್ಕೂಲು ಮೇಷ್ಟ್ರು ತಮ್ಮ ಆತ್ಮಕಥೆಯನ್ನು ಒಂದು ಆರ್‌ಡಬ್ಲ್ಯೂ ಸಿ.ಡಿ.ಯಲ್ಲಿ ಇಟ್ಟುಕೊಂಡಿದ್ದರು. ಒಂದೊಂದು ಅಧ್ಯಾಯಕ್ಕೆ ಒಂದೊಂದು ಫೈಲು. ಅಣ್ಣತಮ್ಮಂದಿರ ಹಿಸ್ಸೆ ಜಗಳದ ಬಗ್ಗೆ ಬರೆದ ಅಧ್ಯಾಯ ಬೇಡ ಅನಿಸಿತ್ತು. ಅಣ್ಣನ ಮಗ ಊರಿಗೆ ಬರುವವನಿದ್ದ, ಡಿಸ್ಕ್ ಅವನ ಕೈಗೆ ಹೋಗಬೇಕಿತ್ತು. ನಾನು ಕಂಪ್ಯೂಟರಿಗೆ ಹಾಕಿ ನೋಡಿ, ‘ಮೇಷ್ಟ್ರೇ, ಅದೊಂದನ್ನೇ ತೆಗೆಯೋಕೆ ಆಗಲ್ಲ, ತೆಗೆದ್ರೆ ಎಲ್ಲಾನೂ ತೆಗೀಬೇಕು’ ಅಂದೆ.

‘ಅಲ್ಲ ಮಾರಾಯ್ತಿ, ಮೇಲೆ ರೀರೈಟೆಬಲ್ ಅಂತ ಅವ್ರೇ ಬರ್ದಿದ್ದಾರಲ್ಲ? ಒಂದು ಅಧ್ಯಾಯ ತೆಗ್ಯಕ್ಕೆ ಬರ್ದಿದ್ರೆ ಅದೆಂಥ ರೀರೈಟು?’

ಮೇಷ್ಟ್ರ ತಕರಾರು ನ್ಯಾಯವಾದದ್ದೇ. ಲೋಹದ ಮಟ್ಟದಲ್ಲಿ ಯಾವ ತೊಡಕೂ ಇಲ್ಲ; ಲೇಸರ್ ಬೇಕಾದ ಜಾಗಕ್ಕೆ ಹೋಗಿ ಬೇಕಾದಷ್ಟನ್ನೇ ಅಳಿಸಬಲ್ಲದು. ಅಡ್ಡ ಬರುವುದು ಆ ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿದ ಪದ್ಧತಿ. ಆರ್‌ಡಬ್ಲ್ಯೂವಿನಲ್ಲಿ ಮುಂದೆ ಏನು ಮಾಡಬಹುದು, ಏನು ಆಗದು ಎಂಬುದೆಲ್ಲ ಖಾಲಿ ಡಿಸ್ಕನ್ನು ಮೊದಲ ಸಲ ಒಳಗೆ ಹಾಕಿದಾಗಲೇ ತೀರ್ಮಾನವಾಗಿಬಿಡುತ್ತದೆ. ಜನ ಆ ತೀರ್ಮಾನವನ್ನು ಓದದೆ ಓಕೆ ಒತ್ತಿ ಮಾಡಿರುತ್ತಾರೆ.

ಪದ್ಧತಿ ಎರಡು. ಹಳೆಯದು ಐ.ಎಸ್.ಒ. 9660, 1988ರದ್ದು. ಬರೀ ಓದುವ ಸಿ.ಡಿ.ಗಳಿಗಾಗಿ ಹುಟ್ಟಿದ್ದು. ಬೇಕಾದ ಫೈಲುಗಳನ್ನೆಲ್ಲ ಒಂದು ಕಡೆ ಕಲೆಹಾಕಿ, ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯನ್ನೂ ಸೇರಿಸಿ, ಒಂದೇ ಉಸಿರಿಗೆ ಡಿಸ್ಕಿಗೆ ಇಳಿಸುವುದು. ವಿಂಡೋಸ್ ಇದನ್ನು ಮಾಸ್ಟರ್ಡ್ ಎನ್ನುತ್ತದೆ. ಈ ಪಟ್ಟಿಯನ್ನು ನಡುವೆ ತಿದ್ದುವ ಏರ್ಪಾಡೇ ಇಲ್ಲ, ಏಕೆಂದರೆ ಅದನ್ನು ರೂಪಿಸಿದಾಗ ತಿದ್ದುವ ಡಿಸ್ಕೇ ಇರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಹೀಗೆಯೇ ಬರೆಯುತ್ತಿತ್ತು. ಅಳಿಸಲು ಅದು ಕೊಟ್ಟಿದ್ದು ಒಂದೇ ಆಜ್ಞೆ, ‘ಈ ಸಿ.ಡಿ.-ಆರ್‌ಡಬ್ಲ್ಯೂವನ್ನು ಎರೇಸ್ ಮಾಡು’. ಅದನ್ನು ಒತ್ತಿದರೆ ಎಲ್ಲವೂ ಹೋಗುತ್ತದೆ.

ಇದರಲ್ಲಿ ಮೋಸಹೋಗುವ ಜಾಗ ಒಂದಿದೆ. ಡಿಸ್ಕಿಗೆ ಎಳೆದು ಹಾಕಿದ ಫೈಲುಗಳು ‘ಬರೆಯಲು ಕಾದಿವೆ’ ಎಂಬ ತಲೆಬರಹದಡಿ ಕಾಣಿಸುತ್ತವೆ. ಅವುಗಳಲ್ಲಿ ಒಂದನ್ನು ಡಿಲೀಟ್ ಮಾಡಿದರೆ ಹೋಗುತ್ತದೆ. ‘ನೋಡಿ, ಡಿಲೀಟ್ ಆಯ್ತು!’ ಎಂದು ಜನ ಸಂತೋಷಪಡುತ್ತಾರೆ. ಹೋದದ್ದು ಹಾರ್ಡ್‌ಡಿಸ್ಕಿನಲ್ಲಿದ್ದ ತಾತ್ಕಾಲಿಕ ಪ್ರತಿ. ಅದಿನ್ನೂ ಡಿಸ್ಕ್ ಮುಟ್ಟಿಯೇ ಇರಲಿಲ್ಲ.

ಒಂದೇ ಡಿಸ್ಕಿಗೆ ಬೇರೆ ಬೇರೆ ದಿನ ಸ್ವಲ್ಪ ಸ್ವಲ್ಪ ಬರೆದರೆ ಪ್ರತಿ ಸಲವೂ ಒಂದು ಸೆಷನ್ ಸೇರುತ್ತದೆ. ಹೊಸ ಸೆಷನ್ನಿನಲ್ಲಿ ಅದೇ ಹೆಸರಿನ ಫೈಲ್ ಹಾಕಿದರೆ ಹಳೆಯದು ಕಾಣಿಸದಾಗುತ್ತದೆ, ಅಳಿಯುವುದಿಲ್ಲ. ಹಳೆಯ ಸೆಷನ್ ಓದುವ ತಂತ್ರಾಂಶ ಇದ್ದವರು ಅದನ್ನು ನಿರಾಯಾಸವಾಗಿ ತೆರೆಯುತ್ತಾರೆ. ಜಾಗವೂ ವ್ಯರ್ಥ: ಸಿ.ಡಿ.ಯಲ್ಲಿ ಮೊದಲ ಸೆಷನ್ ಮುಚ್ಚುವುದಕ್ಕೇ ಸುಮಾರು 22 ಎಂ.ಬಿ., ನಂತರದ ಪ್ರತಿಯೊಂದಕ್ಕೂ ಸುಮಾರು 13 ಎಂ.ಬಿ. ಹೋಗುತ್ತದೆ. ಒಂದು ಪುಟದ ಪತ್ರ ಸೇರಿಸಲು ಇಷ್ಟು ದಂಡ!

ಎರಡನೆಯ ಪದ್ಧತಿ ಯು.ಡಿ.ಎಫ್. 1995ರಲ್ಲಿ ಬಂತು, ಅದರ 1.50 ಆವೃತ್ತಿ ಆರ್‌ಡಬ್ಲ್ಯೂ ಡಿಸ್ಕುಗಳನ್ನು ಗಮನದಲ್ಲಿಟ್ಟುಕೊಂಡೇ ತಯಾರಾಯಿತು. ಇಲ್ಲಿ ಡಿಸ್ಕನ್ನು ಮೊದಲು ಫಾರ್ಮ್ಯಾಟ್ ಮಾಡಿ ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ವಿಂಗಡಿಸುತ್ತಾರೆ. ಆಮೇಲೆ ಯಾವ ಪ್ಯಾಕೆಟ್ಟನ್ನಾದರೂ ಬೇರೆಯವನ್ನು ಮುಟ್ಟದೆ ತಿರುಗಿ ಬರೆಯಬಹುದು. ಫೈಲ್ ಅಳಿಸಬಹುದು, ಹೆಸರು ಬದಲಿಸಬಹುದು, ಅಳಿಸಿದ ಜಾಗವನ್ನು ಮತ್ತೆ ಬಳಸಬಹುದು. ಅಡಾಪ್ಟೆಕ್‌ನ ಡೈರೆಕ್ಟ್‌ಸಿಡಿ, ನೀರೋ ಜತೆ ಬರುತ್ತಿದ್ದ ಇನ್‌ಸಿಡಿ ಈ ಕೆಲಸ ಮಾಡುತ್ತಿದ್ದವು. ಇದಕ್ಕೂ ಬೆಲೆ ತೆರಬೇಕು. ಸಿ.ಡಿ.-ಆರ್‌ಡಬ್ಲ್ಯೂವಿನಲ್ಲಿ ಪ್ರತಿ 32 ಬ್ಲಾಕ್ ಮಾಹಿತಿಗೆ 7 ಬ್ಲಾಕುಗಳನ್ನು ಬರೀ ಜೋಡಣೆಗೆಂದು ಬಿಡಬೇಕು. ಹಾಗಾಗಿ 700 ಎಂ.ಬಿ. ಡಿಸ್ಕ್ ಫಾರ್ಮ್ಯಾಟ್ ಆದ ಮೇಲೆ ಸುಮಾರು 570 ಎಂ.ಬಿ. ಆಗುತ್ತಿತ್ತು. ಅಂಗಡಿಯವರು ಮೋಸ ಮಾಡಿದರು ಎಂದು ಗಿರಾಕಿಗಳು ಜಗಳಕ್ಕೆ ಬರುತ್ತಿದ್ದರು. ಆಗಿನ ನಿಧಾನದ ರೈಟರುಗಳಲ್ಲಿ ಪೂರ್ತಿ ಫಾರ್ಮ್ಯಾಟಿಗೆ ಅರ್ಧ ಗಂಟೆಗೂ ಮೀರಿ ಹಿಡಿಯುತ್ತಿತ್ತು. ಅಷ್ಟರೊಳಗೆ ಕರೆಂಟ್ ಹೋದರೆ ಮೊದಲಿನಿಂದ ಶುರು.

2007ರಲ್ಲಿ ಬಂದ ವಿಂಡೋಸ್ ವಿಸ್ಟಾ ಈ ಪದ್ಧತಿಯನ್ನು ತನ್ನೊಳಗೇ ಸೇರಿಸಿಕೊಂಡು ಲೈವ್ ಫೈಲ್ ಸಿಸ್ಟಮ್ ಎಂದು ಕರೆಯಿತು. 2009ರ ವಿಂಡೋಸ್ 7ರಿಂದ ಈಚೆಗೆ ಖಾಲಿ ಡಿಸ್ಕ್ ಹಾಕಿದರೆ ಒಂದು ಪ್ರಶ್ನೆ ಬರುತ್ತದೆ: ಇದನ್ನು ಯು.ಎಸ್.ಬಿ. ಫ್ಲ್ಯಾಶ್ ಡ್ರೈವಿನ ಹಾಗೆ ಬಳಸುತ್ತೀರೋ, ಸಿ.ಡಿ./ಡಿ.ವಿ.ಡಿ. ಪ್ಲೇಯರಿನಲ್ಲಿ ಬಳಸುತ್ತೀರೋ? ಮೊದಲನೆಯದು ಯು.ಡಿ.ಎಫ್., ಎರಡನೆಯದು ಮಾಸ್ಟರ್ಡ್. ವಿಂಡೋಸ್ 10, 11ರಲ್ಲೂ ಇದೇ ಪ್ರಶ್ನೆ ಇದೆ. ಬಿಡಿ ಬಿಡಿಯಾಗಿ ಅಳಿಸುವುದು, ತಿದ್ದುವುದು ಇದೆ ಎಂದಾದರೆ ಮೊದಲನೆಯದನ್ನೇ ಆರಿಸಿ. ಹಾಡು, ವಿಡಿಯೋ ಹಾಕಿ ಟಿ.ವಿ. ಪಕ್ಕದ ಪ್ಲೇಯರಿಗೋ ಕಾರಿಗೋ ಒಯ್ಯುವುದಾದರೆ ಎರಡನೆಯದು. ಒಂದು ಎಚ್ಚರಿಕೆ: ‘ಫ್ಲ್ಯಾಶ್ ಡ್ರೈವಿನ ಹಾಗೆ’ ಎಂಬುದನ್ನು ಆರ್ ಡಿಸ್ಕಿಗೂ ಆರಿಸಬಹುದು. ಅಲ್ಲಿ ಡಿಲೀಟ್ ಮಾಡಿದ ಫೈಲ್ ಪಟ್ಟಿಯಿಂದ ಹೋದರೂ ಅದು ಹಿಡಿದಿದ್ದ ಜಾಗ ವಾಪಸು ಬರುವುದಿಲ್ಲ.

ನಿಮ್ಮ ಕೈಯಲ್ಲಿರುವ ಡಿಸ್ಕ್ ಯಾವ ಪದ್ಧತಿಯದು ಎಂದು ತಿಳಿಯಲು ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಫೈಲ್ ಸಿಸ್ಟಮ್ ಎದುರು ಸಿ.ಡಿ.ಎಫ್.ಎಸ್. (ಅಂದರೆ ಐ.ಎಸ್.ಒ. 9660) ಎಂದಿದ್ದರೆ ಬಿಡಿ ಫೈಲ್ ತೆಗೆಯುವ ಆಸೆ ಬಿಡಿ. ಯು.ಡಿ.ಎಫ್. ಎಂದಿದ್ದರೆ ಸಾಧ್ಯತೆ ಇದೆ. ಖಾತ್ರಿ ಇಲ್ಲ, ಏಕೆಂದರೆ ಸಿನಿಮಾದ ಡಿ.ವಿ.ಡಿ.ಯೂ ಯು.ಡಿ.ಎಫ್. ಎಂದೇ ತೋರಿಸುತ್ತದೆ. ಯಾವುದಾದರೂ ಸಣ್ಣ ಫೈಲಿನ ಹೆಸರು ಬದಲಿಸಲು ನೋಡಿ. ಒಪ್ಪಿದರೆ ಅಳಿಸುವುದಕ್ಕೂ ಒಪ್ಪುತ್ತದೆ. ಆದರೆ ಇಲ್ಲಿ ರೀಸೈಕಲ್ ಬಿನ್ ಇಲ್ಲ. ಡಿಲೀಟ್ ಒತ್ತಿದ್ದು ಅಲ್ಲಿಗೇ ಹೋಯಿತು, ‘ಅಯ್ಯೋ’ ಅನ್ನುವುದಕ್ಕೆ ಅವಕಾಶ ಇಲ್ಲ. ಈ ಮಾತನ್ನು ಎಷ್ಟು ಜನರಿಗೆ ಹೇಳಿದರೂ ಸಾಲದು.

ತಿದ್ದುವ ವಿಷಯದಲ್ಲಿ ನಾನು ಹಟವಾದಿ. ಯು.ಡಿ.ಎಫ್. ಡಿಸ್ಕಿನ ಮೇಲಿರುವ ಫೈಲನ್ನು ಅಲ್ಲೇ ತೆರೆದು ಅಲ್ಲೇ ಸೇವ್ ಮಾಡಬಹುದು, ನಿಜ. ನಮ್ಮ ಅಂಗಡಿಯಲ್ಲಿ ಅದಕ್ಕೆ ಬಿಡುವುದಿಲ್ಲ. ವರ್ಡ್‌ನಲ್ಲಿ ಫೈಲ್ ತೆರೆದ ಕೂಡಲೇ ಅದೇ ಫೋಲ್ಡರಿನಲ್ಲಿ ಒಂದು ಗುಪ್ತ ಫೈಲ್ ಹುಟ್ಟುತ್ತದೆ. ಸೇವ್ ಒತ್ತಿದಾಗ ಹೊಸ ಪ್ರತಿ ಬೇರೆ ಹೆಸರಿನಲ್ಲಿ ಬರೆಯಲ್ಪಟ್ಟು, ಹಳೆಯದು ತೆಗೆಯಲ್ಪಟ್ಟು, ಆಮೇಲೆ ಹೆಸರು ಅದಲುಬದಲಾಗುತ್ತದೆ. ಹಾರ್ಡ್‌ಡಿಸ್ಕಿನಲ್ಲಿ ಇದೆಲ್ಲ ಕಣ್ಣಿಗೆ ಕಾಣದಷ್ಟು ಬೇಗ ಮುಗಿಯುತ್ತದೆ. ಆಪ್ಟಿಕಲ್ ಡಿಸ್ಕ್ ತಿರುಗಿ, ಲೇಸರ್ ಅತ್ತಿತ್ತ ಓಡಾಡಿ, ಒಂದೊಂದನ್ನೂ ಬರೆಯುವಷ್ಟರಲ್ಲಿ ಹೊತ್ತಾಗುತ್ತದೆ. ಆಷಾಢದ ಮಳೆಯಲ್ಲಿ ಮಲೆನಾಡಿನ ಕರೆಂಟಿನ ಪಾಡು ಗೊತ್ತಲ್ಲ. ಬರೆಯುವ ನಡುವೆ ಅದು ಹೋದರೆ ಆ ಒಂದು ಫೈಲಿನ ಜತೆ ಫೈಲುಗಳ ಪಟ್ಟಿಯೇ ಕೆಡಬಹುದು. ಆಗ ಒಳಗಿರುವುದೆಲ್ಲ ಇದ್ದೂ ಇಲ್ಲದಂತೆ. ಅದಕ್ಕೇ ಫೈಲನ್ನು ಡೆಸ್ಕ್‌ಟಾಪಿಗೆ ಕಾಪಿ ಮಾಡಿ, ಅಲ್ಲಿ ತಿದ್ದಿ, ಸೇವ್ ಮಾಡಿ, ಮುಚ್ಚಿ, ನಂತರ ಡಿಸ್ಕಿಗೆ ಹಾಕಿ. ತಿದ್ದಿದ ಪ್ರತಿ ಡಿಸ್ಕಿನಿಂದ ಸರಿಯಾಗಿ ತೆರೆಯುತ್ತದೆಂದು ನೋಡಿದ ಮೇಲೆಯೇ ಹಳೆಯದನ್ನು ಅಳಿಸಿ. ಡಿಸ್ಕ್ ತೆಗೆಯುವಾಗ ಇಜೆಕ್ಟ್ ಆಜ್ಞೆ ಕೊಟ್ಟೇ ತೆಗೆಯಿರಿ, ಡ್ರೈವಿನ ಸೂಜಿತೂತಿಗೆ ಪಿನ್ನು ಚುಚ್ಚಬೇಡಿ.

ಸಾವಿರ ಸಲ ಬರೆಯಬಹುದು ಎಂದು ಪೊಟ್ಟಣದ ಮೇಲೆ ಇರುತ್ತದೆ. ಸಿ.ಡಿ.-ಆರ್‌ಡಬ್ಲ್ಯೂ, ಡಿ.ವಿ.ಡಿ. ಆರ್‌ಡಬ್ಲ್ಯೂಗಳಿಗೆ ಈ ಲೆಕ್ಕ ಹೆಚ್ಚುಕಡಿಮೆ ಸರಿ. ಆದರೆ ಸಾವಿರ ಅನ್ನುವುದು ಡಿಸ್ಕಿನ ಒಂದೊಂದು ಜಾಗಕ್ಕೆ. ನೀವು ಯಾವ ಫೈಲ್ ಮುಟ್ಟಿದರೂ ಪಟ್ಟಿ ಇರುವ ಜಾಗ ಪ್ರತಿ ಸಲವೂ ಬದಲಾಗಬೇಕು, ಹಾಗಾಗಿ ಮೊದಲು ಸವೆಯುವುದು ಅದೇ. ಯು.ಡಿ.ಎಫ್.ನಲ್ಲಿ ಕೆಟ್ಟ ಪ್ಯಾಕೆಟ್ಟಿನ ಬದಲು ಬೇರೆ ಪ್ಯಾಕೆಟ್ ಬಳಸುವ ವ್ಯವಸ್ಥೆ ಇದೆ, ಅದೂ ಒಂದು ಮಿತಿಯವರೆಗೆ. ನಿಜವಾಗಿ ದಿನಾ ಬರೆದು ಅಳಿಸುವುದಕ್ಕೆಂದೇ ಮಾಡಿದ್ದು 1998ರ ಡಿ.ವಿ.ಡಿ.-ರ‍್ಯಾಮ್, ಅದು ಒಂದು ಲಕ್ಷ ಸಲದವರೆಗೆ ತಾಳುವಂಥದ್ದು. ಅದರ ಮೈಮೇಲೆ ಸಣ್ಣ ಗೀಟುಗಳ ಸಾಲು ಕಣ್ಣಿಗೇ ಕಾಣುತ್ತದೆ. ಎಲ್ಲ ಡ್ರೈವುಗಳೂ ಅದನ್ನು ಓದುತ್ತಿರಲಿಲ್ಲವಾದ್ದರಿಂದ ನಮ್ಮ ಕಡೆ ಅದು ಬಂದದ್ದೇ ಅಪರೂಪ. ಒಳ್ಳೆಯದು ಸೋತು ಅಗ್ಗದ್ದು ಗೆದ್ದ ಕಥೆಗಳಲ್ಲಿ ಇದೂ ಒಂದು ಎಂದು ನನ್ನ ಅಭಿಪ್ರಾಯ.

ಮೈನಸ್, ಪ್ಲಸ್ ಗೊಂದಲಕ್ಕೆ ಎರಡೇ ಮಾತು. ಡಿ.ವಿ.ಡಿ.+ಆರ್‌ಡಬ್ಲ್ಯೂವಿನಲ್ಲಿ ಹಳೆಯದರ ಮೇಲೆ ನೇರವಾಗಿ ಬರೆಯುವುದು ಸಲೀಸು. ಡಿ.ವಿ.ಡಿ.-ಆರ್‌ಡಬ್ಲ್ಯೂವನ್ನು ಸಾಲಾಗಿ ಬರೆಯುವ ರೀತಿಯಲ್ಲಿ ಬಳಸಿದ್ದರೆ ಮೊದಲು ಪೂರ್ತಿ ಅಳಿಸಿಕೊಳ್ಳಬೇಕು. ಈಗಿನ ರೈಟರುಗಳು ಎರಡನ್ನೂ ಒಪ್ಪುತ್ತವೆ.

ಮೇಷ್ಟ್ರ ಡಿಸ್ಕ್ ಮಾಸ್ಟರ್ಡ್ ಆಗಿತ್ತು. ಎಲ್ಲ ಅಧ್ಯಾಯಗಳನ್ನೂ ಕಂಪ್ಯೂಟರಿಗೆ ಇಳಿಸಿ, ಬೇಡವಾದದ್ದನ್ನು ಬಿಟ್ಟು, ಡಿಸ್ಕನ್ನು ಎರೇಸ್ ಮಾಡಿ ಮತ್ತೆ ಬರೆಯುವುದೊಂದೇ ದಾರಿ. ಆ ಎರೇಸಿನಲ್ಲೂ ಎರಡು ಬಗೆ. ಕ್ವಿಕ್ ಎರೇಸ್ ಒಂದೆರಡು ನಿಮಿಷದ್ದು. ಅದು ಡಿಸ್ಕಿನ ಆರಂಭದ ವಿವರಗಳನ್ನಷ್ಟೇ ಅಳಿಸುತ್ತದೆ. ಡಿಸ್ಕ್ ಖಾಲಿ ಎಂದು ಕಂಪ್ಯೂಟರ್ ಹೇಳುತ್ತದೆ, ಫೈಲಿನ ಮಂಕು ಚುಕ್ಕೆಗಳು ಹಾಗೆಯೇ ಇರುತ್ತವೆ, ಗೊತ್ತಿದ್ದವರು ಎತ್ತಿಕೊಳ್ಳಬಹುದು. ಫುಲ್ ಎರೇಸ್ ಒಳಸುತ್ತಿನಿಂದ ಹೊರಸುತ್ತಿನವರೆಗೆ ಒಂದೊಂದು ಚುಕ್ಕೆಯನ್ನೂ ಮತ್ತೆ ಹರಳುಗಟ್ಟಿಸುತ್ತದೆ. 700 ಎಂ.ಬಿ. ಸಿ.ಡಿ.ಗೆ 4x ವೇಗದಲ್ಲಿ ಸುಮಾರು 20 ನಿಮಿಷ. ಆ ಅಧ್ಯಾಯ ಅಣ್ಣನ ಮಗನ ಕಣ್ಣಿಗೆ ಬೀಳಲೇಬಾರದು ಎಂದಿದ್ದರಿಂದ ಫುಲ್ ಎರೇಸ್ ಮಾಡಿದೆ. ಮೇಷ್ಟ್ರು ಅಷ್ಟೂ ಹೊತ್ತು ಪರದೆಯ ಮೇಲಿನ ಹಸಿರು ಪಟ್ಟಿಯನ್ನೇ ನೋಡುತ್ತಾ ಕುಳಿತು, ‘ಇಷ್ಟು ಹೊತ್ತು ಬರ್ದಿದ್ದಕ್ಕೂ ಹಿಡ್ದಿರ್ಲಿಲ್ಲ’ ಅಂದರು. ಬಿಟ್ಟ ಅಧ್ಯಾಯವನ್ನು ಮಾತ್ರ ತಮ್ಮ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋದರು.

ಅವರ ಫೈಲುಗಳಲ್ಲಿ ಇನ್ನೊಂದು ತೊಡಕಿತ್ತು, ನಮ್ಮ ಭಾಷೆಯವರಿಗೆ ಮಾತ್ರ ಗೊತ್ತಾಗುವಂಥದ್ದು. ಯೂನಿಕೋಡ್ ಬಳಕೆಗೆ ಬರುವ ಮೊದಲು ಹಳೆಯ ನುಡಿ ಅಕ್ಷರದಲ್ಲಿ ಕೀಲಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಡಿಸ್ಕ್ ಹಾಳಾಗಿದೆ ಎಂದುಕೊಂಡು ಅಳಿಸಿಬಿಡುವವರಿದ್ದಾರೆ. ಹಾಗೆ ಮಾಡಬೇಡಿ, ಯೂನಿಕೋಡಿಗೆ ಪರಿವರ್ತಿಸಿದರೆ ಮತ್ತೆ ಕನ್ನಡವಾಗಿ ಓದಲು ಬರುತ್ತದೆ.

ನಮ್ಮಲ್ಲಿಗೆ ಬರುವ ವಕೀಲರಿಗೆ ನಾನು ಆರ್‌ಡಬ್ಲ್ಯೂ ಕೊಡುವುದಿಲ್ಲ. ಕೋರ್ಟಿಗೆ ಒಪ್ಪಿಸುವ ಸಿ.ಡಿ. ತಿದ್ದಲು ಬರುವಂಥದ್ದಾದರೆ ಎದುರು ಪಕ್ಷದವರಿಗೆ ಪ್ರಶ್ನೆ ಎತ್ತಲು ನಾವೇ ದಾರಿ ಮಾಡಿಕೊಟ್ಟಂತೆ. ಆರ್ ಡಿಸ್ಕಿಗೆ ಬರೆದು, ಮುಂದೆ ಏನೂ ಸೇರಿಸದಂತೆ ಫೈನಲೈಸ್ ಮಾಡಿಕೊಡುತ್ತೇನೆ. ಅದರ ಜತೆ ಪ್ರಮಾಣಪತ್ರವೂ ಬೇಕು. ಕೇರಳದ ಚುನಾವಣಾ ತಕರಾರಿನ ಅನ್ವರ್-ಬಶೀರ್ ಮೊಕದ್ದಮೆಯಲ್ಲಿ, ಪ್ರಮಾಣಪತ್ರ ಇಲ್ಲದ ಸಿ.ಡಿ.ಗಳನ್ನು ಸಾಕ್ಷ್ಯವಾಗಿ ಒಪ್ಪಲಾಗದು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಒಂದು ಅಕ್ಷರ ತಿದ್ದಿದರೂ ಆ ಮೌಲ್ಯ ಬೇರೆಯಾಗುತ್ತದೆ.

ಆರ್‌ಡಬ್ಲ್ಯೂ ಕೆಲಸದ ಡಿಸ್ಕೇ ಹೊರತು ಕಾಪಿಡುವ ಡಿಸ್ಕಲ್ಲ. ಈ ವಾರದ ಕರಡು, ಇವತ್ತಿನ ಲೆಕ್ಕ, ಪ್ರೆಸ್ಸಿಗೆ ಒಯ್ದು ತರುವ ಪುಟ, ಇಂಥವಕ್ಕೆ ಅದು ಹೇಳಿಮಾಡಿಸಿದ್ದು. ಮಗುವಿನ ನಾಮಕರಣದ ವಿಡಿಯೋದ ಒಂದೇ ಪ್ರತಿ ಅದರಲ್ಲಿದ್ದರೆ ನನಗೆ ಭಯವಾಗುತ್ತದೆ, ಏಕೆಂದರೆ ತಪ್ಪಿ ಒತ್ತಿದ ಒಂದು ಗುಂಡಿ ಸಾಕು. ಮಲೆನಾಡಿನ ತೇವ ಬೇರೆ. 2001ರಲ್ಲಿ ಮಧ್ಯ ಅಮೆರಿಕದ ಬೆಲೀಜ್ ದೇಶದಲ್ಲಿ ಸಿಕ್ಕ ಒಂದು ಸಿ.ಡಿ.ಯ ಪದರವನ್ನು ಬೂಷ್ಟೇ ತಿಂದು ಹಾಕಿದ್ದನ್ನು ಸ್ಪೇನಿನ ವಿಜ್ಞಾನಿಗಳು ಕಂಡಿದ್ದರು. ಅಲ್ಲಿನ ಸೆಕೆ, ತೇವದ ವರ್ಣನೆ ಓದಿದಾಗ ನನಗೆ ನಮ್ಮ ಜುಲೈ ತಿಂಗಳೇ ಕಣ್ಣಮುಂದೆ ಬಂತು. ಬಟ್ಟೆಯಿಂದ ಒರೆಸುವುದಾದರೆ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಸುತ್ತಲೂ ಅಲ್ಲ. ಸಿ.ಡಿ.ಯ ಲೇಬಲ್ ಇರುವ ಮೇಲ್ಭಾಗವೇ ಹೆಚ್ಚು ಸೂಕ್ಷ್ಮ, ಅದರ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಬರೆಯಬೇಡಿ.

ಅಗ್ಗದ ಬೆಲೆಯಲ್ಲಿ ಕನ್ನಡ ಸಿನಿಮಾಗಳ ಡಿಸ್ಕನ್ನೂ ಮನೆಮನೆಗೆ ತಲುಪಿಸಿದ ಮೋಸರ್ ಬೇರ್ ಕಂಪನಿ ಒಂದು ಕಾಲಕ್ಕೆ ಜಗತ್ತಿನ ದೊಡ್ಡ ಡಿಸ್ಕ್ ತಯಾರಕರಲ್ಲೊಂದು. 2018ರಲ್ಲಿ ಅದರ ಸಮಾಪನಕ್ಕೆ ಆದೇಶವಾಯಿತು. ಬರೆಯಬಹುದಾದ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಡಿಸ್ಕ್ ಸಿಗುವುದೂ, ಓದುವ ಡ್ರೈವ್ ಸಿಗುವುದೂ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಆದ್ದರಿಂದ ಮನೆಯಲ್ಲಿ ಬೂದು ಬಣ್ಣದ ಡಿಸ್ಕುಗಳಿದ್ದರೆ ಈ ಮಳೆಗಾಲಕ್ಕೆ ಮುಂಚೆ ಹೊರಗೆ ತೆಗೆಯಿರಿ. ಎಲ್ಲವನ್ನೂ ಎರಡು ಬೇರೆ ಕಡೆ ಕಾಪಿ ಮಾಡಿ, ಕಾಪಿ ತೆರೆದು ನೋಡಿ, ಅಳಿಸುವ ಯೋಚನೆಯನ್ನು ಆಮೇಲೆ ಮಾಡಿ. ಗುಜರಿಗೆ ಹಾಕುವ ಆರ್‌ಡಬ್ಲ್ಯೂ ಇದ್ದರೆ ಮೊದಲು ಫುಲ್ ಎರೇಸ್ ಮಾಡಿಸಿ. ಆರ್ ಡಿಸ್ಕಾದರೆ ಕತ್ತರಿಯಿಂದ ತುಂಡು ಮಾಡಿಯೇ ಕೊಡಿ.